ಬಿಟ್ಟುಕೊಟ್ಟು ಬೆಳೆದ ರಾಜ: ಸೆಲ್ಯೂಕಸ್ ಸಾಮ್ರಾಜ್ಯ ಕಟ್ಟಿದ ಕಥೆ

ಶಾಲೆಯ ಸಮಾಜ ಪುಸ್ತಕದಲ್ಲಿ ಸೆಲ್ಯೂಕಸ್ ಒಂದು ಸಾಲಿಗೆ ಬಂದು ಹೋಗುತ್ತಾನೆ. ಚಂದ್ರಗುಪ್ತ ಮೌರ್ಯ ಅವನನ್ನು ಸೋಲಿಸಿದ, ಅಷ್ಟೇ. ಒಂದು ಅಂಕದ ಪ್ರಶ್ನೆ. ಸೋತವನನ್ನು ಕಟ್ಟಿಕೊಂಡು ನಮಗೇನಾಗಬೇಕು ಎಂದು ಅಲ್ಲಿಗೇ ಬಿಟ್ಟು ಮುಂದಿನ ಪಾಠಕ್ಕೆ ಹೋಗುತ್ತೇವೆ, ಅಲ್ವಾ? ಆದರೆ ಆ ಸೋತವನು ಸಾಯುವ ಹೊತ್ತಿಗೆ ಇವತ್ತಿನ ಟರ್ಕಿಯ ಪಶ್ಚಿಮ ಕರಾವಳಿಯಿಂದ ಉತ್ತರ ಅಫ್ಘಾನಿಸ್ತಾನದವರೆಗೆ ಅವನ ಮಾತು ನಡೆಯುತ್ತಿತ್ತು. ಅಲೆಕ್ಸಾಂಡರನ ಸೇನಾಪತಿಗಳಲ್ಲಿ ಅಷ್ಟು ದೊಡ್ಡ ಪಾಲು ಬೇರೆ ಯಾರ ಕೈಯಲ್ಲೂ ಉಳಿಯಲಿಲ್ಲ. ಅವನ ಮನೆತನ ಏಳುತ್ತಾ ಬೀಳುತ್ತಾ ಕ್ರಿ.ಪೂ. 64ರ ಸುಮಾರಿನವರೆಗೂ ಆಳಿತು. ಕೊನೆಗೆ ರೋಮಿನ ಪಾಂಪೆ ಬಂದು ಬಾಗಿಲು ಹಾಕಿಸಿದ.

ಬೀಳುವ ಕಥೆ ಇವತ್ತು ಬೇಡ. ಏಳುವ ಕಥೆಯಲ್ಲೇ ಬೇಕಾದಷ್ಟು ಸ್ವಾರಸ್ಯ ಇದೆ. ಸಾಮ್ರಾಜ್ಯ ಕಟ್ಟಿದವರು ಅಂದರೆ ಕಂಡದ್ದನ್ನೆಲ್ಲ ಕಿತ್ತುಕೊಂಡವರು ಎಂದು ನಾವು ಅಂದುಕೊಂಡಿರುತ್ತೇವೆ. ಈ ಮನುಷ್ಯ ಕಿತ್ತುಕೊಂಡದ್ದೂ ಉಂಟು, ಬೇಕಾದಷ್ಟು. ಆದರೆ ಅವನ ಜೀವನದ ದೊಡ್ಡ ತಿರುವುಗಳನ್ನು ನೋಡಿ. ಪ್ರತಿ ಸಲವೂ ಅವನು ಏನನ್ನಾದರೂ ಬಿಟ್ಟುಕೊಟ್ಟಿದ್ದಾನೆ. ಊರು ಬಿಟ್ಟ, ನಾಡು ಬಿಟ್ಟ, ಹೆಂಡತಿಯನ್ನೂ ಬಿಟ್ಟುಕೊಟ್ಟ. ಬಿಟ್ಟ ಪ್ರತಿ ಸಲವೂ ಮೊದಲಿಗಿಂತ ಜಾಸ್ತಿ ಕೈಗೆ ಬಂತು. ಒಂದೇ ಒಂದು ಸಲ ಬಿಡಲಾರದೆ ಹೋದ. ಅಲ್ಲಿಗೆ ಹೆಣವಾದ.

ಹುಟ್ಟಿದ್ದು ಕ್ರಿ.ಪೂ. 358ರ ಆಸುಪಾಸಿನಲ್ಲಿ, ಮ್ಯಾಸಿಡೋನಿಯಾದ ಯುರೋಪಸ್ ಎಂಬ ಊರಿನಲ್ಲಿ. ಅಪ್ಪ ಆಂಟಿಯೋಕಸ್, ಅಲೆಕ್ಸಾಂಡರನ ತಂದೆ ಫಿಲಿಪ್ಪನ ಸೇನೆಯಲ್ಲಿದ್ದವನು. ತಾಯಿ ಲಾವೊಡಿಕೆ. ರಾಜವಂಶವೇನಲ್ಲ. ಆಮೇಲೆ ದೊಡ್ಡವನಾದ ಮೇಲೆ ಕಥೆ ಹುಟ್ಟಿತು ಬಿಡಿ: ನಿಜವಾದ ಅಪ್ಪ ಅಪೊಲೊ ದೇವರಂತೆ, ತೊಡೆಯ ಮೇಲೆ ಲಂಗರಿನ ಮಚ್ಚೆ ಇತ್ತಂತೆ, ಮಕ್ಕಳು ಮೊಮ್ಮಕ್ಕಳಿಗೂ ಅದೇ ಮಚ್ಚೆ ಬಂತಂತೆ. ಈ ಮನೆತನದ ನಾಣ್ಯಗಳ ಮೇಲೆ ಹಡಗಿನ ಲಂಗರಿನ ಗುರುತು ಕಾಣುವುದಕ್ಕೂ ಇದೇ ಕಾರಣವಂತೆ. ದುಡ್ಡು ಅಧಿಕಾರ ಬಂದ ಮೇಲೆ ದೇವರ ವಂಶಾವಳಿ ಬರೆಸಿಕೊಳ್ಳುವುದು ಯಾವ ದೇಶದಲ್ಲಿ ಇರಲಿಲ್ಲ ಹೇಳಿ.

ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಂಡೆಯಲ್ಲಿ ಪೋರಸನ ಮೇಲೆ ನಡೆದ ಯುದ್ಧದಲ್ಲಿ ಸೆಲ್ಯೂಕಸ್ ಅಲೆಕ್ಸಾಂಡರನ ಜೊತೆಗಿದ್ದ. ಗುರಾಣಿ ಪಡೆಯ ನಾಯಕ. ಯುದ್ಧದಾನೆಗಳ ಎದುರು ಕಾಲಾಳುಗಳನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಅವನು ಅಲ್ಲಿ ಕಣ್ಣಾರೆ ನೋಡಿದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡು ವರ್ಷ ಬಿಟ್ಟು ಸೂಸಾ ಪಟ್ಟಣದಲ್ಲಿ ಅಲೆಕ್ಸಾಂಡರ್ ಒಂದು ಸಾಮೂಹಿಕ ಮದುವೆ ಮಾಡಿಸಿದ. ತನ್ನ ದೊಡ್ಡ ದೊಡ್ಡ ಅಧಿಕಾರಿಗಳಿಗೆಲ್ಲ ಪರ್ಷಿಯಾ ಕಡೆಯ ಹೆಣ್ಣುಗಳನ್ನು ಕಟ್ಟಿದ. ಸೆಲ್ಯೂಕಸನ ಪಾಲಿಗೆ ಬಂದವಳು ಅಪಾಮಾ. ಮಧ್ಯ ಏಷ್ಯಾದ ಸೊಗ್ಡಿಯಾನಾದಲ್ಲಿ ಅಲೆಕ್ಸಾಂಡರನಿಗೆ ನೀರು ಕುಡಿಸಿದ ಸ್ಪಿಟಮೆನೀಸ್ ಎಂಬ ನಾಯಕನ ಮಗಳು. ಯಜಮಾನ ಸತ್ತದ್ದೇ ತಡ, ಬೇರೆಯವರಲ್ಲಿ ಹೆಚ್ಚಿನವರ ಈ ಮದುವೆಗಳ ಸುದ್ದಿಯೇ ಮುಂದೆ ಕೇಳಿಬರುವುದಿಲ್ಲ. ಸೆಲ್ಯೂಕಸ್ ಮಾತ್ರ ಅಪಾಮಾಳನ್ನು ಕೈಬಿಡಲಿಲ್ಲ. ಅವರ ಮಗ ಆಂಟಿಯೋಕಸ್. ಅರ್ಧ ಮ್ಯಾಸಿಡೋನಿಯಾ, ಅರ್ಧ ಮಧ್ಯ ಏಷ್ಯಾ. ಪೂರ್ವದ ಪ್ರಾಂತ್ಯಗಳನ್ನು ಆಳುವುದಕ್ಕೆ ಇದಕ್ಕಿಂತ ಒಳ್ಳೆಯ ಹುಟ್ಟು ಬೇಕೇ?

ಕ್ರಿ.ಪೂ. 323ರ ಜೂನ್‌ನಲ್ಲಿ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ತೀರಿಕೊಂಡ. ಆಸ್ತಿ ಪಾಲಾಯಿತು. ಟಾಲೆಮಿಗೆ ಈಜಿಪ್ಟ್, ಲೈಸಿಮಾಕಸನಿಗೆ ಥ್ರೇಸ್, ಆಂಟಿಗೋನಸನಿಗೆ ಏಷ್ಯಾ ಮೈನರಿನ, ಅಂದರೆ ಇವತ್ತಿನ ಟರ್ಕಿಯ, ಭಾಗ. ಸೆಲ್ಯೂಕಸನಿಗೆ? ಒಂದು ಎಕರೆ ನೆಲವೂ ಇಲ್ಲ. ರಾಜಪ್ರತಿನಿಧಿಯಾಗಿದ್ದ ಪರ್ಡಿಕಾಸನ ಕೈಕೆಳಗೆ ಅಶ್ವದಳದ ದೊಡ್ಡ ಹುದ್ದೆ ಸಿಕ್ಕಿತು. ಎರಡು ಮೂರು ವರ್ಷದಲ್ಲಿ ಪರ್ಡಿಕಾಸ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋಗಿ ನೈಲ್ ನದಿ ದಾಟಲಾಗದೆ ಸೈನಿಕರನ್ನು ನೀರುಪಾಲು ಮಾಡಿದಾಗ, ಅವನ ಡೇರೆಗೆ ನುಗ್ಗಿ ಅವನನ್ನು ಮುಗಿಸಿದ ಅಧಿಕಾರಿಗಳಲ್ಲಿ ಸೆಲ್ಯೂಕಸನೂ ಒಬ್ಬ. ಅಂದರೆ ಇವನೇನು ಸಾಧು ಸಂತ ಅಂತ ನಾನು ಹೇಳುತ್ತಿಲ್ಲ. ಅದಾದ ಮೇಲಿನ ಹೊಸ ಹಂಚಿಕೆಯಲ್ಲಿ ಬ್ಯಾಬಿಲೋನ್ ಪ್ರಾಂತ್ಯ ಇವನ ಪಾಲಿಗೆ ಬಂತು.

ಬ್ಯಾಬಿಲೋನಿನಲ್ಲಿ ನಾಲ್ಕು ವರ್ಷ. ಆ ನಾಲ್ಕು ವರ್ಷ ಊರಿನವರ ಜೊತೆ ಚೆನ್ನಾಗಿದ್ದ, ಧಾರಾಳವಾಗಿ ನಡೆದುಕೊಂಡ ಎಂದು ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಬರೆಯುತ್ತಾನೆ. ಅಷ್ಟರಲ್ಲಿ ಆಂಟಿಗೋನಸ್ ಏಷ್ಯಾದ ಎದುರಾಳಿಗಳನ್ನೆಲ್ಲ ಮುಗಿಸಿ ದೊಡ್ಡ ಸೇನೆಯೊಂದಿಗೆ ಬ್ಯಾಬಿಲೋನಿಗೆ ಬಂದ. ಒಕ್ಕಣ್ಣ, ಅರವತ್ತು ದಾಟಿದವನು, ಮಹಾ ಜೋರಿನ ಮನುಷ್ಯ. ಸೆಲ್ಯೂಕಸ್ ಕಾಣಿಕೆ ಕೊಟ್ಟ, ಇಡೀ ಸೇನೆಗೆ ಊಟ ಹಾಕಿಸಿದ. ಉಂಡಾದ ಮೇಲೆ ಆಂಟಿಗೋನಸ್ ಕೇಳಿದ: ಪ್ರಾಂತ್ಯದ ಕಂದಾಯದ ಲೆಕ್ಕ ಎಲ್ಲಿ?

ಸೆಲ್ಯೂಕಸ್ ಕೊಡುವುದಿಲ್ಲ ಅಂದ. ಅಲೆಕ್ಸಾಂಡರ್ ಬದುಕಿದ್ದಾಗ ನಾನು ಮಾಡಿದ ಸೇವೆಗೆ ಮ್ಯಾಸಿಡೋನಿಯಾದವರು ಕೊಟ್ಟ ನಾಡು ಇದು, ನಿನಗೇಕೆ ಲೆಕ್ಕ ಒಪ್ಪಿಸಲಿ ಎಂಬ ಉತ್ತರ. ದಿನದಿಂದ ದಿನಕ್ಕೆ ಜಗಳ ಬೆಳೆಯಿತು. ಆಂಟಿಗೋನಸನ ಕೈಯಲ್ಲಿ ಇನ್ನೊಬ್ಬ ಪ್ರಾಂತ್ಯಾಧಿಕಾರಿಯ ತಲೆ ಹೋದದ್ದು ಅವನಿಗೆ ಗೊತ್ತಿತ್ತು. ಇಲ್ಲಿ ಅಭಿಮಾನಕ್ಕೆ ಬಿದ್ದು ಕತ್ತಿ ಹಿಡಿದು ನಿಂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಐವತ್ತು ಕುದುರೆ ಸವಾರರನ್ನು ಕಟ್ಟಿಕೊಂಡು ಈಜಿಪ್ಟಿನ ಟಾಲೆಮಿಯ ಹತ್ತಿರ ಓಡಿಹೋದ. ಕ್ರಿ.ಪೂ. 315ರ ಸುಮಾರು. ಆಂಟಿಗೋನಸನಿಗೆ ಮೊದಲು ಖುಷಿಯೇ ಆಯಿತಂತೆ, ಪೀಡೆ ತಾನಾಗಿ ತೊಲಗಿತು ಅಂತ. ಆಗ ಬ್ಯಾಬಿಲೋನಿನ ಜ್ಯೋತಿಷಿಗಳು ಬಂದು, ಅವನನ್ನು ಹೋಗಲು ಬಿಟ್ಟರೆ ಇಡೀ ಏಷ್ಯಾ ಅವನದಾಗುತ್ತದೆ, ನೀನು ಅವನೆದುರು ಯುದ್ಧದಲ್ಲಿ ಸಾಯುತ್ತೀಯ ಅಂದರು. ಆಂಟಿಗೋನಸ್ ಬೆನ್ನಟ್ಟಲು ಜನ ಕಳಿಸಿದ. ಸಿಗಲಿಲ್ಲ. ಈ ಭವಿಷ್ಯವನ್ನು ಆಮೇಲೆ ಸೇರಿಸಿದ್ದು ಎಂದು ನನ್ನ ಗುಮಾನಿ. ಆದರೆ ಬ್ಯಾಬಿಲೋನಿನ ಪುರೋಹಿತರು ಯಾರ ಪಕ್ಷ ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಈಜಿಪ್ಟಿನಲ್ಲಿ ಮೂರ್ನಾಲ್ಕು ವರ್ಷ ಟಾಲೆಮಿಯ ನೌಕಾದಳದಲ್ಲಿ ದುಡಿದ. ನೆಲ ಇಲ್ಲ, ಸೇನೆ ಇಲ್ಲ, ಇನ್ನೊಬ್ಬರ ಮನೆಯ ಅನ್ನ. ಕ್ರಿ.ಪೂ. 312ರಲ್ಲಿ ಗಾಜಾದ ಹತ್ತಿರ ಯುದ್ಧ ಬಂತು. ಎದುರಿಗೆ ಆಂಟಿಗೋನಸನ ಮಗ ಡಿಮೀಟ್ರಿಯಸ್, ಚೆಲುವ, ಇನ್ನೂ ಹುಡುಗ, ಮತ್ತು ಅವನ 43 ಆನೆಗಳು. ಟಾಲೆಮಿ, ಸೆಲ್ಯೂಕಸ್ ಇಬ್ಬರೂ ಹಳಬರು. ಕಬ್ಬಿಣದ ಮೊನೆಯ ಗೂಟಗಳನ್ನು ಸರಪಳಿಯಲ್ಲಿ ಪೋಣಿಸಿ ಆನೆಗಳ ದಾರಿಯಲ್ಲಿ ಹಾಸಿದರು. ಮೊನೆ ಚುಚ್ಚಿ ಆನೆಗಳ ಪಾದ ಹರಿಯಿತು. ಮೇಲಿದ್ದ ಮಾವುತರನ್ನು ಬಾಣ ಬಿಟ್ಟು ಉರುಳಿಸಿದರು. ಆನೆಗಳೆಲ್ಲ ಸೆರೆಯಾದವು. ಆನೆ ಎಷ್ಟು ನಡುಗಿಸುತ್ತದೆ ಎಂದು ಝೀಲಂ ದಂಡೆಯಲ್ಲಿ ಕಂಡಿದ್ದವನು, ಅದನ್ನು ಹೇಗೆ ಸೋಲಿಸಬಹುದು ಎಂದು ಗಾಜಾದಲ್ಲಿ ಕಂಡ.

ಗೆದ್ದ ಮೇಲೆ ಟಾಲೆಮಿಯ ಹತ್ತಿರ ಸೆಲ್ಯೂಕಸ್ ಕೇಳಿದ್ದು ತೀರಾ ಸಣ್ಣದು. ಡಿಯೊಡೋರಸನ ಲೆಕ್ಕದಲ್ಲಿ 800 ಕಾಲಾಳು, ಸುಮಾರು 200 ಕುದುರೆ ಸವಾರರು. ಇಷ್ಟನ್ನು ಕಟ್ಟಿಕೊಂಡು ಏಷ್ಯಾವನ್ನೇ ಆಳುತ್ತಿದ್ದ ಆಂಟಿಗೋನಸನ ಕೈಯಿಂದ ಬ್ಯಾಬಿಲೋನ್ ಕಿತ್ತುಕೊಳ್ಳಲು ಹೊರಟ. ದಾರಿಯಲ್ಲಿ ಜೊತೆಗಾರರಿಗೇ ಎದೆ ನಡುಗಿತು. ಇವನು ಸಮಾಧಾನ ಹೇಳಿದ: ದೇವವಾಣಿ ನನ್ನನ್ನು ರಾಜಾ ಎಂದು ಕರೆದಿದೆ, ಅಲೆಕ್ಸಾಂಡರ್ ಕನಸಿನಲ್ಲಿ ಬಂದಿದ್ದ. ದಾರಿಯಲ್ಲಿ ಕಾರ್ಹೆ ಎಂಬ ಊರಿನಲ್ಲಿ, ಅಂದರೆ ಇವತ್ತಿನ ಟರ್ಕಿಯ ಹರ್ರಾನ್‌ನಲ್ಲಿ, ನೆಲೆಸಿದ್ದ ಹಳೆಯ ಮ್ಯಾಸಿಡೋನಿಯಾ ಸೈನಿಕರನ್ನು ಒಲಿಸಿ, ಕೆಲವರನ್ನು ಬಲವಂತದಿಂದ, ಜೊತೆಗೆ ಸೇರಿಸಿಕೊಂಡ. ಬ್ಯಾಬಿಲೋನಿನ ಸೀಮೆಗೆ ಕಾಲಿಟ್ಟಾಗ ಜನ ಎದುರುಗೊಂಡು ಬಂದರು. ನಾಲ್ಕು ವರ್ಷ ಚೆನ್ನಾಗಿ ನಡೆದುಕೊಂಡದ್ದು ಈಗ ಬಡ್ಡಿ ಸಮೇತ ವಾಪಸು ಬಂತು. ಕೋಟೆಯೊಳಗೆ ಆಂಟಿಗೋನಸನ ಕಾವಲಿನವರು ಸೇರಿಕೊಂಡಿದ್ದರು. ಅದನ್ನೂ ಹಿಡಿದ.

ಸುದ್ದಿ ಮುಟ್ಟಿದ್ದೇ ಇರಾನಿನ ಮೀಡಿಯಾ ಎಂಬ ಪ್ರಾಂತ್ಯದಲ್ಲಿದ್ದ ಆಂಟಿಗೋನಸನ ಸೇನಾಪತಿ ನಿಕಾನರ್ 10,000ಕ್ಕೂ ಮೀರಿದ ಕಾಲಾಳು, 7,000 ಕುದುರೆಗಳೊಂದಿಗೆ ಇಳಿದು ಬಂದ. ಸೆಲ್ಯೂಕಸನ ಹತ್ತಿರ ಇದ್ದದ್ದು 3,000 ಚಿಲ್ಲರೆ ಕಾಲಾಳು, 400 ಕುದುರೆ. ಅವನು ಊರಲ್ಲಿ ಕಾದು ಕೂರಲಿಲ್ಲ. ಟೈಗ್ರಿಸ್ ದಾಟಿದ. ನಿಕಾನರ್ ಬರುವ ದಾರಿಯ ಪಕ್ಕದ ಜೌಗು ನೆಲದಲ್ಲಿ, ಜೊಂಡು ಬೆಳೆದ ಕೆಸರಿನಲ್ಲಿ, ತನ್ನವರನ್ನು ಅಡಗಿಸಿಟ್ಟ. ಶತ್ರು ಎಲ್ಲಿದ್ದಾನೋ ಇನ್ನೂ ದೂರ ಇರಬೇಕು ಎಂದು ನಿಕಾನರ್ ಒಂದು ಹಳೆಯ ರಾಜಠಾಣ್ಯದ ಹತ್ತಿರ ಬೀಡು ಬಿಟ್ಟ. ಕಾವಲು ಸಡಿಲ. ರಾತ್ರಿ ಜೊಂಡಿನೊಳಗಿಂದ ಎದ್ದು ಮೇಲೆ ಬಿದ್ದರು. ಪರ್ಷಿಯಾದ ಪ್ರಾಂತ್ಯಾಧಿಕಾರಿ ಸತ್ತ. ನಿಕಾನರ್ ಕೆಲವರ ಜೊತೆ ಮರುಭೂಮಿ ಕಡೆ ಓಡಿದ. ಬೆಳಗಾದಾಗ ಅವನ ಸೇನೆಯ ಬಹುಪಾಲು ಸೆಲ್ಯೂಕಸನ ಸೇನೆಯಾಗಿತ್ತು. ಆ ಕಾಲದ ಸೈನಿಕರು ಹಾಗೇ. ಸಂಬಳ ಯಾರು ಕೊಟ್ಟರೂ ಈಟಿ ಅದೇ. ಆ ಒಂದು ರಾತ್ರಿಯಿಂದ ಮೀಡಿಯಾ, ಸೂಸಾ ಸೀಮೆಗಳ ಬಾಗಿಲು ತೆರೆಯಿತು.

ನಾನು ಇಲ್ಲಿಯವರೆಗೆ ಹೇಳಿದ್ದು ಗ್ರೀಕ್ ಬರಹಗಾರರ ಮಾತು. ಡಿಯೊಡೋರಸ್, ಪ್ಲೂಟಾರ್ಕ್, ಅಪ್ಪಿಯನ್ ಎಲ್ಲರೂ ಎರಡು ಮೂರು ಶತಮಾನ, ಇನ್ನೂ ಜಾಸ್ತಿ, ಆಮೇಲಿನವರು. ಸುದೈವಕ್ಕೆ ನಮಗೆ ಇನ್ನೊಂದು ಸಾಕ್ಷಿ ಇದೆ. ಬ್ಯಾಬಿಲೋನಿನ ಪುರೋಹಿತರು ಹಸಿ ಮಣ್ಣಿನ ಹಲಗೆಯ ಮೇಲೆ ಮೊಳೆ ಲಿಪಿಯಲ್ಲಿ ಬರೆದಿಟ್ಟದ್ದು. ಅವರಿಗೆ ವೀರಗಾಥೆ ಬೇಕಿರಲಿಲ್ಲ. ಕ್ರಿ.ಪೂ. 311ರಲ್ಲಿ ಅಲೆಕ್ಸಾಂಡರನ ಹಳೆಯ ಸೇನಾಪತಿಗಳೆಲ್ಲ ಒಂದು ಶಾಂತಿ ಒಪ್ಪಂದ ಮಾಡಿಕೊಂಡರು, ಅದರಲ್ಲಿ ಸೆಲ್ಯೂಕಸನ ಹೆಸರೇ ಇಲ್ಲ. ಅಂದರೆ ಆಂಟಿಗೋನಸ್ ಇನ್ನು ಇವನೊಬ್ಬನ ಮೇಲೆ ಪೂರ್ತಿ ಬಲ ಹಾಕಬಹುದು. ಹಾಕಿದ. ಮೊದಲು ಮಗ ಬಂದ, ಆಮೇಲೆ ತಾನೇ ಬಂದ. ಆ ವರ್ಷಗಳ ಬಗ್ಗೆ ಬ್ಯಾಬಿಲೋನಿನ ಹಲಗೆ ಬರೆದಿರುವುದು ಇಷ್ಟು: ಊರು ಕೊಳ್ಳೆ ಹೋಯಿತು, ಹೊಲ ಕೊಳ್ಳೆ ಹೋಯಿತು, ನಾಡಿನಲ್ಲಿ ಅಳು, ಗೋಳು. ಮತ್ತೆ ಮುಂದಿನ ಸಾಲಿನಲ್ಲೂ ಅಳು, ಗೋಳು. ಸಾಮ್ರಾಜ್ಯದ ಉದಯ ಎಂದು ನಾವು ಸುಲಭವಾಗಿ ಹೇಳುತ್ತೇವಲ್ಲ, ಅಲ್ಲಿ ಬದುಕುತ್ತಿದ್ದವರಿಗೆ ಅದು ಹೀಗೆ ಕಂಡಿತ್ತು.

ಆ ಯುದ್ಧ ಕೊನೆಗೆ ಹೇಗೆ ಮುಗಿಯಿತು? ಪಾಲಿಯೀನಸ್ ಎಂಬವನು ಒಂದು ಪ್ರಸಂಗ ಹೇಳುತ್ತಾನೆ. ಇಡೀ ದಿನ ಕಾದಾಡಿದರೂ ಗೆಲುವು ಯಾರಿಗೂ ಇಲ್ಲ. ನಾಳೆ ನೋಡೋಣ ಎಂದು ಆಂಟಿಗೋನಸನ ಜನ ಆಯುಧ ಕಳಚಿಟ್ಟು ಮಲಗಿದರು. ಸೆಲ್ಯೂಕಸನ ಜನ ಆಯುಧ ತೊಟ್ಟೇ ಉಂಡು, ಸಾಲಿನಲ್ಲೇ ಮಲಗಿದರು. ಬೆಳಕು ಹರಿಯುವ ಹೊತ್ತಿಗೆ ಬರಿಗೈಯಲ್ಲಿದ್ದ ಶತ್ರುಗಳ ಮೇಲೆ ಬಿದ್ದರು. ಕ್ರಿ.ಪೂ. 308ರ ಹೊತ್ತಿಗೆ ಆಂಟಿಗೋನಸ್ ಪಶ್ಚಿಮಕ್ಕೆ ಹಿಂದಿರುಗಿದ್ದ. ಪೂರ್ವ ಪೂರ್ತಿ ಸೆಲ್ಯೂಕಸನಿಗೆ ಉಳಿಯಿತು.

ಈಗ ನಮ್ಮ ಕಡೆಗೆ ಬರೋಣ. ಬ್ಯಾಕ್ಟ್ರಿಯಾವರೆಗಿನ ಪ್ರಾಂತ್ಯಗಳನ್ನು ಒಂದೊಂದಾಗಿ ಸೇರಿಸಿಕೊಂಡು, ಕ್ರಿ.ಪೂ. 305ರ ಸುಮಾರಿಗೆ ಸಿಂಧೂ ನದಿಯ ಹತ್ತಿರ ಬಂದ. ಅಲೆಕ್ಸಾಂಡರ್ ಗೆದ್ದಿದ್ದ ಪಂಜಾಬ್ ಈಗ ಚಂದ್ರಗುಪ್ತನ ಕೈಯಲ್ಲಿತ್ತು. ಯುದ್ಧ ನಡೆಯಿತೇ? ಅಪ್ಪಿಯನ್ ಬರೆದಿರುವುದು ಇಷ್ಟೇ: ಸಿಂಧೂ ದಾಟಿ ಚಂದ್ರಗುಪ್ತನ ಮೇಲೆ ಯುದ್ಧ ಮಾಡಿದ, ಕೊನೆಗೆ ಸ್ನೇಹವೂ ಮದುವೆಯ ನಂಟೂ ಆಯಿತು. ಯಾವ ಊರಿನಲ್ಲಿ ಯುದ್ಧ, ಎಷ್ಟು ಜನ, ಯಾರು ಗೆದ್ದರು, ಒಂದಕ್ಷರವೂ ಇಲ್ಲ. ಒಪ್ಪಂದದ ಶರತ್ತು ನೋಡಿ ಚಂದ್ರಗುಪ್ತನದೇ ಮೇಲುಗೈ ಎಂದು ಊಹಿಸುತ್ತೇವೆ. ಆ ಊಹೆ ಸರಿಯೇ ಇರಬೇಕು. ಕಂದಹಾರದ ಸೀಮೆ, ಕಾಬೂಲ್ ಕಣಿವೆ, ಬಲೂಚಿಸ್ತಾನದ ಕಡೆಯ ನೆಲ, ಎಲ್ಲ ಮೌರ್ಯರಿಗೆ ಹೋಯಿತು. ಬದಲಿಗೆ ಸೆಲ್ಯೂಕಸನಿಗೆ ಸಿಕ್ಕಿದ್ದು 500 ಆನೆ.

ಮದುವೆಯ ಮಾತು ಬಂದರೆ ಎಲ್ಲರೂ ಕೇಳುವುದು ಹೆಲೆನಾ ಬಗ್ಗೆ. ನಾಟಕ, ಧಾರಾವಾಹಿಗಳಲ್ಲಿ ಅವಳು ಸೆಲ್ಯೂಕಸನ ಮಗಳು, ಚಂದ್ರಗುಪ್ತನ ರಾಣಿ. ಹಳೆಯ ಗ್ರೀಕ್ ಬರಹಗಳಲ್ಲಿ ಆ ಹೆಸರೇ ಇಲ್ಲ. ಮದುವೆಯ ಒಪ್ಪಂದ ಆಯಿತು ಎಂದಿದೆ, ಯಾರಿಗೆ ಯಾರು ಎಂದಿಲ್ಲ. ಹೆಸರು ಆಮೇಲಿನವರ ಕೊಡುಗೆ. ಇದೇ ಚಂದ್ರಗುಪ್ತ ಕೊನೆಗಾಲದಲ್ಲಿ ಭದ್ರಬಾಹು ಮುನಿಗಳ ಜೊತೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತ ಹಿಡಿದ ಎನ್ನುವುದು ಜೈನರ ಪರಂಪರೆ. ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರಿರುವುದೂ ಅದಕ್ಕೇ. ನೀವು ಮುಂದಿನ ಸಲ ಆ ಬೆಟ್ಟ ಹತ್ತಿದಾಗ ಸೆಲ್ಯೂಕಸನನ್ನೂ ಒಂದು ಗಳಿಗೆ ನೆನೆಸಿಕೊಳ್ಳಿ. ರಾಜ್ಯ ಬಿಟ್ಟುಕೊಡುವುದರಲ್ಲಿ ಬೀಗ ಇವನಿಗಿಂತ ಬಹಳ ಮುಂದೆ ಹೋದ.

ಮತ್ತೆ ಆನೆಗೆ. ಅಷ್ಟೊಂದು ನೆಲ ಕೊಟ್ಟು ಆನೆ ತಗೊಂಡವನು ದಡ್ಡನೇ? ಅವನ ಸ್ಥಿತಿ ನೋಡಿ. ಪಶ್ಚಿಮದಲ್ಲಿ ಆಂಟಿಗೋನಸ್ ರಾಜ ಎಂದು ಕಿರೀಟ ಇಟ್ಟುಕೊಂಡಾಗಿದೆ. ಅವನನ್ನು ಮುರಿಯಲು ಬೇರೆಯವರು ಸೆಲ್ಯೂಕಸನಿಗೆ ಕರೆ ಕಳಿಸುತ್ತಿದ್ದಾರೆ. ಸಿಂಧೂ ದಂಡೆಯಲ್ಲಿ ವರ್ಷಗಟ್ಟಲೆ ಕಾದಾಡುತ್ತಾ ಕೂತರೆ ಬ್ಯಾಬಿಲೋನ್ ಮತ್ತೆ ಹೋಗುತ್ತದೆ. ಬಿಟ್ಟುಕೊಟ್ಟ ನೆಲವಾದರೂ ಎಂಥದ್ದು? ಅದರಲ್ಲಿ ಒಂದು ಭಾಗ ಅಲೆಕ್ಸಾಂಡರನ ಸೇನೆ ನೀರಿಲ್ಲದೆ ಸತ್ತ ಮರುಭೂಮಿ. ಕಾಬೂಲ್, ಕಂದಹಾರ ಬೆಲೆಬಾಳುವ ನಾಡೇ, ಇಲ್ಲವೆನ್ನುವುದಿಲ್ಲ. ಆದರೆ ಅವನ್ನು ಕಾಯಲು ಬೇಕಾದ ಸೇನೆ ಇನ್ನೂ ದುಬಾರಿ. ಅದರ ಬದಲು ಪೂರ್ವದ ಗಡಿಯಲ್ಲಿ ಒಬ್ಬ ಗೆಳೆಯ ಸಿಕ್ಕಿದ, ಶತ್ರುವಿನ ಹತ್ತಿರ ಅಷ್ಟೊಂದು ಇಲ್ಲದ ಆಯುಧ ಸಿಕ್ಕಿತು. ಮೆಗಾಸ್ತನೀಸ್ ರಾಯಭಾರಿಯಾಗಿ ಪಾಟಲಿಪುತ್ರಕ್ಕೆ ಹೋದದ್ದು ಇದೇ ನಂಟಿನ ಮೇಲೆ.

ನಮ್ಮಲ್ಲಿ ದಸರಾಕ್ಕೆ ಕಾಡಿನ ಶಿಬಿರಗಳಿಂದ ಹನ್ನೆರಡೋ ಹದಿನಾಲ್ಕೋ ಆನೆ ಮೈಸೂರಿಗೆ ಬರುತ್ತವೆ. ಅಷ್ಟಕ್ಕೇ ಲಾರಿ, ಮಾವುತರು, ಕಾವಾಡಿಗಳು, ಪಶುವೈದ್ಯರು, ಸೊಪ್ಪು, ಹುಲ್ಲು, ಎಷ್ಟು ಓಡಾಟ ನೋಡಿದ್ದೀರಿ. ಇಲ್ಲಿ ಐನೂರು. ಸಿಂಧೂ ದಂಡೆಯಿಂದ ಟರ್ಕಿಯ ನಡುಭಾಗದವರೆಗೆ, ಇರಾನಿನ ಬೆಟ್ಟ, ಮರುಭೂಮಿ ದಾಟಿ, ಸಾವಿರಾರು ಕಿಲೋಮೀಟರ್ ನಡಿಗೆ. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕು. ಕ್ರಿ.ಪೂ. 302ರ ಚಳಿಗಾಲಕ್ಕೆ ಸೆಲ್ಯೂಕಸ್ ಕಪಡೋಸಿಯಾದ ಚಳಿಯಲ್ಲಿ ಬೀಡು ಬಿಟ್ಟಾಗ ಅವನ ಜೊತೆ 480 ಆನೆ ಇದ್ದವು ಎಂದು ಡಿಯೊಡೋರಸ್ ಲೆಕ್ಕ ಕೊಡುತ್ತಾನೆ. ಹೊರಟದ್ದು 500, ಮುಟ್ಟಿದ್ದು 480. ಆ ಮಾವುತರ ಹೆಸರು ಯಾವ ಗ್ರೀಕನೂ ಬರೆಯಲಿಲ್ಲ. ನನ್ನನ್ನು ಕೇಳಿದರೆ ಈ ಸಾಮ್ರಾಜ್ಯ ಕಟ್ಟಿದವರ ಪಟ್ಟಿಯಲ್ಲಿ ಮೊದಲು ಬರಬೇಕಾದವರು ಅವರು.

ಆಂಟಿಗೋನಸನ ಮಗ ಡಿಮೀಟ್ರಿಯಸನ ಪಾನಗೋಷ್ಠಿಗಳಲ್ಲಿ ಒಂದು ತಮಾಷೆ ನಡೆಯುತ್ತಿತ್ತಂತೆ. ನಿಜವಾದ ರಾಜ ಡಿಮೀಟ್ರಿಯಸ್ ಒಬ್ಬನೇ. ಟಾಲೆಮಿ ಬರೀ ನೌಕಾಧಿಪತಿ, ಲೈಸಿಮಾಕಸ್ ಖಜಾಂಚಿ, ಸೆಲ್ಯೂಕಸ್ ಆನೆ ಸಾಹೇಬ. ಹೀಗೆ ಹೇಳಿ ಬಟ್ಟಲು ಎತ್ತುತ್ತಿದ್ದರು.

ಕ್ರಿ.ಪೂ. 301, ಫ್ರಿಜಿಯಾದ ಇಪ್ಸಸ್. ಎರಡೂ ಕಡೆ ಸೇರಿ ಒಂದೂವರೆ ಲಕ್ಷ ಜನ. ಆಂಟಿಗೋನಸನ ಹತ್ತಿರ 75 ಆನೆ, ಈ ಕಡೆ 400 ಎಂದು ಪ್ಲೂಟಾರ್ಕ್. ಡಿಮೀಟ್ರಿಯಸ್ ತನ್ನ ಕುದುರೆ ದಳದೊಂದಿಗೆ ನುಗ್ಗಿ ಎದುರಿನ ಕುದುರೆಗಳನ್ನು ಚದುರಿಸಿದ. ಆ ಕುದುರೆಗಳ ನಾಯಕ ಸೆಲ್ಯೂಕಸನ ಮಗ ಆಂಟಿಯೋಕಸ್. ಗೆದ್ದ ಹುಮ್ಮಸ್ಸಿನಲ್ಲಿ ಡಿಮೀಟ್ರಿಯಸ್ ಬಹಳ ದೂರ ಅಟ್ಟಿಸಿಕೊಂಡು ಹೋದ. ತಿರುಗಿ ನೋಡಿದರೆ ದಾರಿಯಲ್ಲಿ ಆನೆಗಳ ಗೋಡೆ. ಪರಿಚಯವಿಲ್ಲದ ಕುದುರೆ ಆನೆಯ ವಾಸನೆಗೇ ಹೆದರುತ್ತದೆ, ಹತ್ತಿರ ಬರುವುದಿಲ್ಲ. ಅಪ್ಪ ಮಗ ಬೇರೆಯಾದರು. ಬೋಳಾದ ಪಕ್ಕದ ಸುತ್ತ ಸೆಲ್ಯೂಕಸನ ಸವಾರರು ಸುತ್ತತೊಡಗಿದರು. ಹೊಡೆಯುವುದಕ್ಕಿಂತ ಜಾಸ್ತಿ, ಈ ಕಡೆ ಬಂದುಬಿಡಿ ಎಂದು ಅವಕಾಶ ಕೊಟ್ಟರು. ಬಹಳ ಜನ ಬಂದೂಬಿಟ್ಟರು. ಎಂಬತ್ತರ ಮುದುಕ ಆಂಟಿಗೋನಸ್ ಮಾತ್ರ, ಮಗ ಬರುತ್ತಾನೆ, ಬಂದೇ ಬರುತ್ತಾನೆ ಎನ್ನುತ್ತಾ ನಿಂತಿದ್ದ. ಮೇಲೆ ಈಟಿಗಳ ಮಳೆ ಬಿತ್ತು.

ಗೆದ್ದವರು ಹಂಚಿಕೊಂಡರು. ಸೆಲ್ಯೂಕಸನಿಗೆ ಸಿರಿಯಾ ಬಂತು. ಆದರೆ ಯುದ್ಧಕ್ಕೇ ಬಾರದ ಟಾಲೆಮಿ ದಕ್ಷಿಣ ಸಿರಿಯಾವನ್ನು ಮೊದಲೇ ನುಂಗಿಕೊಂಡು ಕೂತಿದ್ದ. ಸೆಲ್ಯೂಕಸ್ ಅಂದದ್ದು: ಹಳೆಯ ಸ್ನೇಹ, ಸದ್ಯಕ್ಕೆ ಸುಮ್ಮನಿರುತ್ತೇನೆ, ದುರಾಸೆಯ ಗೆಳೆಯರನ್ನು ಏನು ಮಾಡಬೇಕು ಎಂದು ಆಮೇಲೆ ನೋಡೋಣ. ಹಕ್ಕು ಬಿಡಲಿಲ್ಲ, ಜಗಳವನ್ನೂ ಮಾಡಲಿಲ್ಲ. ಆ ತುಂಡು ನೆಲಕ್ಕಾಗಿ ಅವನ ಮಕ್ಕಳು ಮರಿಮಕ್ಕಳು ಮುಂದೆ ನೂರು ವರ್ಷಕ್ಕೂ ಮೀರಿ ಹೊಡೆದಾಡಿದರು, ಅದು ಬೇರೆ ಮಾತು.

ಆಮೇಲೆ ಊರು ಕಟ್ಟುವ ಕೆಲಸ. ಅಪ್ಪಿಯನ್ ಒಂದು ಪಟ್ಟಿ ಕೊಡುತ್ತಾನೆ, ಸ್ವಲ್ಪ ನಗು ಬರುವಂಥದ್ದು. ಅಪ್ಪನ ಹೆಸರಿನಲ್ಲಿ 16 ಆಂಟಿಯೋಕ್, ಅಮ್ಮನ ಹೆಸರಿನಲ್ಲಿ 5 ಲಾವೊಡಿಕೆಯಾ, ತನ್ನ ಹೆಸರಿನಲ್ಲಿ 9 ಸೆಲ್ಯೂಕಿಯಾ, ಹೆಂಡತಿ ಅಪಾಮಾ ಹೆಸರಿನಲ್ಲಿ 3, ಎರಡನೆಯ ಹೆಂಡತಿ ಸ್ಟ್ರಾಟೊನೀಕೆ ಹೆಸರಿನಲ್ಲಿ 1. ಟೈಗ್ರಿಸ್ ದಂಡೆಯ ಸೆಲ್ಯೂಕಿಯಾ ಬೆಳೆದಂತೆ ಹಳೆಯ ಬ್ಯಾಬಿಲೋನ್ ಸೊರಗಿತು. ಕ್ರಿ.ಪೂ. 300ರಲ್ಲಿ ಒರಾಂಟಿಸ್ ನದಿಯ ಹತ್ತಿರ ಆಂಟಿಯೋಕ್ ಹುಟ್ಟಿತು. ಇವತ್ತಿನ ಟರ್ಕಿಯ ಅಂತಾಕ್ಯ. ಆಂಟಿಗೋನಸ್ ಪಕ್ಕದಲ್ಲೇ ಕಟ್ಟಿಸುತ್ತಿದ್ದ ಊರನ್ನು ಕೆಡವಿ ಜನರನ್ನು ಇಲ್ಲಿಗೆ ತಂದ. ಸಿರಿಯಾದ ಅಪಾಮಿಯಾ ಸೇನೆಯ ಊರು. ಆನೆಗಳ ಲಾಯ ಅಲ್ಲಿ. 30,000 ಹೆಣ್ಣು ಕುದುರೆ, 300 ಬೀಜದ ಕುದುರೆಗಳ ತಳಿ ಕೇಂದ್ರವೂ ಅಲ್ಲಿತ್ತು ಎಂದು ಸ್ಟ್ರಾಬೊ ಬರೆದಿದ್ದಾನೆ. ಗ್ರೀಸಿನಿಂದ, ಮ್ಯಾಸಿಡೋನಿಯಾದಿಂದ ಬಂದವರಿಗೆ ಸೈಟು, ಹೊಲ ಕೊಟ್ಟ, ಬದಲಿಗೆ ಸೈನ್ಯ ಸೇವೆ ಪಡೆದ. ಸಾಮ್ರಾಜ್ಯದ ಬೆನ್ನೆಲುಬು ಈ ಊರುಗಳೇ.

ಸ್ಟ್ರಾಟೊನೀಕೆಯ ಹೆಸರು ಬಂತಲ್ಲ, ಆ ಕಥೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಅವಳು ಅದೇ ಡಿಮೀಟ್ರಿಯಸನ ಮಗಳು. ಇಪ್ಸಸ್ ಆದ ಮೇಲೆ, ಟಾಲೆಮಿ ಮತ್ತು ಲೈಸಿಮಾಕಸ್ ಹತ್ತಿರವಾಗುತ್ತಿದ್ದಾರೆ ಎಂದು ಕಂಡಾಗ, ಸೆಲ್ಯೂಕಸ್ ಸೋತ ಶತ್ರುವಿನ ಮಗಳನ್ನು ಮದುವೆಯಾದ. ಅವನಿಗೆ ಅರವತ್ತರ ಹತ್ತಿರ, ಅವಳು ಹುಡುಗಿ. ಸ್ವಲ್ಪ ವರ್ಷಕ್ಕೆ ಮಗ ಆಂಟಿಯೋಕಸ್ ಹಾಸಿಗೆ ಹಿಡಿದ. ಊಟ ಬೇಡ, ಮಾತು ಬೇಡ. ವೈದ್ಯ ಎರಾಸಿಸ್ಟ್ರಾಟಸ್ ಪಕ್ಕದಲ್ಲಿ ಕೂತು ಬಂದು ಹೋಗುವವರನ್ನೆಲ್ಲ ಗಮನಿಸಿದ. ಬೇರೆ ಯಾರು ಬಂದರೂ ಏನೂ ಇಲ್ಲ. ಚಿಕ್ಕಮ್ಮ ಒಳಗೆ ಬಂದರೆ ಮಾತ್ರ ಹುಡುಗನ ಮುಖ ಕೆಂಪೇರುತ್ತದೆ, ಬೆವರುತ್ತದೆ, ನಾಡಿ ಎಗರುತ್ತದೆ. ವೈದ್ಯನಿಗೆ ತಿಳಿಯಿತು. ರಾಜನಿಗೆ ಹೇಳುವುದು ಹೇಗೆ? ನಿಮ್ಮ ಮಗ ನನ್ನ ಹೆಂಡತಿಯ ಮೇಲೆ ಮನಸ್ಸಿಟ್ಟಿದ್ದಾನೆ ಅಂದ. ಬಿಟ್ಟುಕೊಡಪ್ಪಾ, ಅವನ ಜೀವ ಉಳಿಸು ಎಂದು ಸೆಲ್ಯೂಕಸ್ ಗೋಗರೆದ. ನೀವಾಗಿದ್ದರೆ ಸ್ಟ್ರಾಟೊನೀಕೆಯನ್ನು ಬಿಟ್ಟುಕೊಡುತ್ತಿದ್ದಿರಾ? ಖಂಡಿತ, ರಾಜ್ಯವನ್ನೂ ಸೇರಿಸಿ ಕೊಡುತ್ತಿದ್ದೆ. ಹಾಗಾದರೆ ಕೊಡಿ ಅಂದ ವೈದ್ಯ.

ಕೊಟ್ಟ. ಜನರನ್ನು ಸೇರಿಸಿ, ಮಗನಿಗೆ ಅವಳನ್ನು ಕೊಟ್ಟು, ಯೂಫ್ರೆಟಿಸ್‌ನಿಂದ ಆಚೆಯ ಪ್ರಾಂತ್ಯಗಳಿಗೆ ರಾಜನನ್ನಾಗಿ ಮಾಡಿದ. ಕ್ರಿ.ಪೂ. 294ರ ಆಸುಪಾಸು. ನಾಡಿ ಹಿಡಿದ ಭಾಗ ಸುಂದರವಾದ ಕಟ್ಟುಕಥೆ ಇರಬಹುದು. ಕಥೆಯ ಸೆರಗಿನಡಿ ರಾಜಕೀಯ ಕಾಣುತ್ತದೆ. ಇಷ್ಟು ಉದ್ದದ ರಾಜ್ಯವನ್ನು ಸಿರಿಯಾದಲ್ಲಿ ಕೂತು ಒಬ್ಬನೇ ಆಳಲಾಗದು. ಪೂರ್ವದವರಿಗೆ ತಮ್ಮ ಸೀಮೆಯ ತಾಯಿಯ ಮಗ ರಾಜನಾಗಿ ಸಿಕ್ಕಿದ. ಮುದುಕ ಬದುಕಿರುವಾಗಲೇ ಉತ್ತರಾಧಿಕಾರಿ ಯಾರೆಂದು ತೀರ್ಮಾನವಾಯಿತು. ಅಲೆಕ್ಸಾಂಡರ್ ಮಾಡದೆ ಹೋದ ಕೆಲಸ ಅದು. ಅವನು ಮಾಡಿದ್ದರೆ ಈ ನಲವತ್ತು ವರ್ಷದ ರಕ್ತಪಾತವೇ ಇರುತ್ತಿರಲಿಲ್ಲ.

ಡಿಮೀಟ್ರಿಯಸ್ ಕೊನೆಗೆ ಸೆಲ್ಯೂಕಸನ ಕೈಗೇ ಸಿಕ್ಕಿಬಿದ್ದ. ಅವನನ್ನು ಕೊಂದರೆ 2,000 ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಬೆಳ್ಳಿ ಕೊಡುತ್ತೇನೆ ಎಂದು ಲೈಸಿಮಾಕಸ್ ಹೇಳಿ ಕಳಿಸಿದ. ಸೆಲ್ಯೂಕಸ್ ಒಪ್ಪಲಿಲ್ಲ. ಬೇಟೆಯಾಡಲು ಉದ್ಯಾನ ಕೊಟ್ಟು ಸಿರಿಯಾದಲ್ಲೇ ಇಟ್ಟುಕೊಂಡ. ಮೂರು ವರ್ಷ ಕುಡಿದು ತಿಂದು ಅವನು ಅಲ್ಲೇ ಸತ್ತ.

ಉಳಿದವರು ಇಬ್ಬರು ಮುದುಕರು. ಎಂಬತ್ತರ ಹತ್ತಿರದ ಲೈಸಿಮಾಕಸ್ ತನ್ನ ಹಿರಿಯ ಮಗನನ್ನೇ ಕೊಲ್ಲಿಸಿದ್ದ. ಹೆದರಿದ ಬಂಧುಗಳು, ಅಧಿಕಾರಿಗಳು ಸೆಲ್ಯೂಕಸನ ಹತ್ತಿರ ಓಡಿಬಂದರು. ಕ್ರಿ.ಪೂ. 281ರಲ್ಲಿ ಸಾರ್ಡಿಸ್ ಹತ್ತಿರದ ಬಯಲಿನಲ್ಲಿ ಯುದ್ಧ. ಲೈಸಿಮಾಕಸ್ ಬಿದ್ದ. ಅವನ ನಾಯಿ ಹೆಣವನ್ನು ಬಹಳ ಹೊತ್ತು ಕಾದಿತ್ತಂತೆ. ಅಲೆಕ್ಸಾಂಡರನ ಜೊತೆ ಹೊರಟವರಲ್ಲಿ ಈಗ ರಾಜನಾಗಿ ಉಳಿದವನು ಸೆಲ್ಯೂಕಸ್ ಒಬ್ಬನೇ.

ಇಲ್ಲಿ ನಿಲ್ಲಿಸಬಹುದಿತ್ತು. ಏಷ್ಯಾದ ಭಾರವನ್ನು ಮಗನಿಗೆ ವಹಿಸಿದ್ದ. ಆದರೆ ಐವತ್ತು ವರ್ಷದ ಹಿಂದೆ ಬಿಟ್ಟು ಬಂದ ಹುಟ್ಟೂರಿನ ಸೆಳೆತ. ಮ್ಯಾಸಿಡೋನಿಯಾದ ಗದ್ದುಗೆ ಖಾಲಿ ಬಿದ್ದಿತ್ತು. ಸಮುದ್ರ ದಾಟಿ ಯುರೋಪಿಗೆ ಬಂದ. ಜೊತೆಯಲ್ಲಿ ಟಾಲೆಮಿ ಕೆರೌನಸ್ ಇದ್ದ, ಹಳೆಯ ಗೆಳೆಯ ಟಾಲೆಮಿಯ ಹಿರಿಯ ಮಗ, ಅಪ್ಪ ರಾಜ್ಯ ಕೊಡಲಿಲ್ಲವೆಂದು ಇವನ ಆಶ್ರಯಕ್ಕೆ ಬಂದವನು. ಅವನಿಗೂ ಆ ಗದ್ದುಗೆಯ ಮೇಲೆ ಕಣ್ಣಿತ್ತು. ಲೈಸಿಮಾಕಿಯಾ ಊರಿನ ಹತ್ತಿರ ಒಂದು ಹಳೆಯ ಬಲಿಪೀಠ ಕಂಡು, ಇದರ ಕಥೆ ಏನು ಎಂದು ಸೆಲ್ಯೂಕಸ್ ಕೇಳಿಸಿಕೊಳ್ಳುತ್ತಾ ನಿಂತಿದ್ದಾಗ ಕೆರೌನಸ್ ಹಿಂದಿನಿಂದ ಇರಿದ. ಉಂಡ ಮನೆಗೆ ಎರಡು ಬಗೆದವನು ಅಂತ ನಾವು ಹೇಳುವುದು ಇಂಥವರಿಗೇ. ಪೆರ್ಗಮಮ್‌ನ ಅಧಿಕಾರಿ ಫಿಲೆಟೀರಸ್ ದುಡ್ಡು ಕೊಟ್ಟು ಹೆಣ ಬಿಡಿಸಿಕೊಂಡು, ಸುಟ್ಟು, ಬೂದಿಯನ್ನು ಆಂಟಿಯೋಕಸನಿಗೆ ಕಳಿಸಿದ.

ಈಗ ಮಗನ ಸರದಿ. ಅಪ್ಪ ಸತ್ತ ಸುದ್ದಿಗೇ ಸಿರಿಯಾದಲ್ಲಿ ದಂಗೆ. ಗದ್ದುಗೆ ಕದ್ದ ಕೆರೌನಸ್ ಎದುರಿಗಿದ್ದಾನೆ. ಸೇಡು ತೀರಿಸಿಕೊಳ್ಳಲು ಯುರೋಪಿಗೆ ನುಗ್ಗಿದ್ದರೆ ಏಷ್ಯಾ ಕೈಬಿಡುತ್ತಿತ್ತು. ಆಂಟಿಯೋಕಸ್ ಅಪ್ಪನನ್ನು ಕೊಂದವನ ಜೊತೆ ಸಂಧಿ ಮಾಡಿಕೊಂಡ. ಕೆಲವು ವರ್ಷದ ಮೇಲೆ ಮ್ಯಾಸಿಡೋನಿಯಾದ ಮೇಲಿನ ಹಕ್ಕನ್ನೇ ಬಿಟ್ಟು, ಅಲ್ಲಿನ ಹೊಸ ರಾಜನಿಗೆ ಮನೆಯ ಹುಡುಗಿ ಫಿಲಾಳನ್ನು ಕೊಟ್ಟು ನಂಟು ಬೆಳೆಸಿದ. ಆ ಹೊಸ ರಾಜ ಯಾರು ಗೊತ್ತೇ? ಇಪ್ಸಸ್‌ನಲ್ಲಿ ಸತ್ತ ಒಕ್ಕಣ್ಣ ಆಂಟಿಗೋನಸನ ಮೊಮ್ಮಗ. ಅಪ್ಪನ ವಿದ್ಯೆ ಮಗನಿಗೆ ಚೆನ್ನಾಗಿಯೇ ಹತ್ತಿತ್ತು.

ಅವನು ಬ್ಯಾಬಿಲೋನನ್ನೂ ಮರೆಯಲಿಲ್ಲ. ಪಕ್ಕದ ಬೋರ್ಸಿಪ್ಪಾದ ನಬು ದೇವಾಲಯದ ಬುಡದಲ್ಲಿ ಹೂತಿಟ್ಟಿದ್ದ ಒಂದು ಮಣ್ಣಿನ ಉರುಳೆ 1880ರಲ್ಲಿ ಸಿಕ್ಕಿತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮೊಳೆ ಲಿಪಿ, ಭಾಷೆ ಅಕ್ಕಾಡಿಯನ್. ಕ್ರಿ.ಪೂ. 268ರ ಮಾರ್ಚ್ ತಿಂಗಳಲ್ಲಿ ಅಡಿಪಾಯ ಹಾಕಿದ್ದು. ಆಂಟಿಯೋಕಸ್ ಮಹಾರಾಜ, ಬ್ಯಾಬಿಲೋನಿನ ರಾಜ, ಮ್ಯಾಸಿಡೋನಿಯಾದ ಸೆಲ್ಯೂಕಸನ ಮಗ ಎಂದು ಪರಿಚಯ. ಸಿರಿಯಾದಲ್ಲಿ ನನ್ನ ಶುದ್ಧವಾದ ಕೈಗಳಿಂದಲೇ, ಒಳ್ಳೆಯ ಎಣ್ಣೆ ಬೆರೆಸಿ, ಮೊದಲ ಇಟ್ಟಿಗೆಗಳನ್ನು ಅಚ್ಚು ಹಾಕಿ ಇಲ್ಲಿಗೆ ತಂದೆ ಎನ್ನುತ್ತಾನೆ. ಎಷ್ಟೋ ಶತಮಾನದ ಹಿಂದಿನ ಬ್ಯಾಬಿಲೋನ್ ರಾಜರು ಮಾತಾಡುತ್ತಿದ್ದದ್ದೇ ಹೀಗೆ. ಕೊನೆಯಲ್ಲಿ ಮಗನಿಗೂ ರಾಣಿ ಸ್ಟ್ರಾಟೊನೀಕೆಗೂ ಒಳ್ಳೆಯದಾಗಲಿ ಎಂಬ ಪ್ರಾರ್ಥನೆ. ಆ ಮಗನನ್ನೇ ಆಮೇಲೆ ಅನುಮಾನದಿಂದ ಕೊಲ್ಲಿಸಿದ, ಪಾಪ.

ಆದರೆ ಇದು ಬರೀ ಸಾಮ್ರಾಜ್ಯವಾಗಿ ಉಳಿಯದೆ ಒಂದು ಮನೆತನದ ಸಾಮ್ರಾಜ್ಯವಾದದ್ದು ಯಾವಾಗ ಎಂದು ಕೇಳಿದರೆ ನಾನು ಯಾವ ಯುದ್ಧವನ್ನೂ ತೋರಿಸುವುದಿಲ್ಲ. ಬ್ಯಾಬಿಲೋನಿನ ಗುಮಾಸ್ತರ ಹಲಗೆಗಳನ್ನು ತೋರಿಸುತ್ತೇನೆ. ಅಲ್ಲಿಯವರೆಗೆ ಲೆಕ್ಕ ಹೇಗಿತ್ತು? ಹೊಸ ರಾಜ ಬಂದರೆ ವರ್ಷ ಮತ್ತೆ ಒಂದರಿಂದ ಶುರು. ಸೆಲ್ಯೂಕಸ್ ಕ್ರಿ.ಪೂ. 305ರ ಹೊತ್ತಿಗೆ ರಾಜನೆನಿಸಿಕೊಂಡಾಗ ಹಲಗೆಗಳ ಮೇಲೆ ಬಂದದ್ದು ಒಂದನೆಯ ವರ್ಷವಲ್ಲ, ಏಳನೆಯದು. ಅಂದರೆ ಸಾವಿರ ಜನರ ಜೊತೆ ಬ್ಯಾಬಿಲೋನಿಗೆ ವಾಪಸು ಬಂದ ಕಾಲದಿಂದ, 311ರಿಂದ ಎಣಿಕೆ. ಅವನು ಸತ್ತದ್ದನ್ನು ಬ್ಯಾಬಿಲೋನಿನ ರಾಜಾವಳಿ 31ನೆಯ ವರ್ಷದಲ್ಲಿ ಬರೆದಿದೆ. ಮುಂದಿನದು ಆಂಟಿಯೋಕಸನ 1 ಆಗಬೇಕಿತ್ತು. ಆಗಲಿಲ್ಲ. 32 ಆಯಿತು. ಅವನ ಮಗನ ಕಾಲಕ್ಕೂ ಮುಂದುವರಿಯಿತು. ಎಷ್ಟು ರಾಜರು ಹೋದರೂ ಬಂದರೂ ಎಣಿಕೆ ಮಾತ್ರ ನಿಲ್ಲಲಿಲ್ಲ.

ನಿಲ್ಲದೆ ಓಡುವ ವರ್ಷದ ಲೆಕ್ಕ ನಮಗೆ ಹೊಸದೇನಲ್ಲ. ಬಾದಾಮಿಯ ಬಂಡೆಯ ಮೇಲೆ ಪುಲಕೇಶಿ ಶಕವರ್ಷ 465 ಎಂದು ಬರೆಸಿದ್ದಾನೆ, ನಮ್ಮ ಪಂಚಾಂಗಗಳು ಇವತ್ತಿಗೂ ಅದೇ ಶಕೆಯನ್ನು ಎಣಿಸುತ್ತಿವೆ. ಆದರೆ ಕ್ರಿ.ಪೂ. 281ರಲ್ಲಿ ಪಶ್ಚಿಮ ಏಷ್ಯಾದ ಜನರಿಗೆ ಇದು ಹೊಸ ಸಂಗತಿ. ರಾಜ ಸತ್ತರೂ ಕಾಲ ಮುಂದುವರಿಯುತ್ತದೆ, ಅದು ಈ ಮನೆತನದ ಕಾಲ. ಈ ಮನೆತನದ ವಿರುದ್ಧವೇ ದಂಗೆಯೆದ್ದ ಯೆಹೂದ್ಯರು ತಮ್ಮ ದಂಗೆಯ ಇತಿಹಾಸ ಬರೆಯುವಾಗ ವರ್ಷ ಹಾಕಿದ್ದು ಈ ಲೆಕ್ಕದಲ್ಲೇ. ಸಿರಿಯಾಕ್ ಭಾಷೆಯ ಕ್ರೈಸ್ತರು ಇದನ್ನು ಗ್ರೀಕರ ವರ್ಷ ಎಂದು ಕರೆದು ಶತಮಾನಗಟ್ಟಲೆ ಬಳಸಿದರು. ಕ್ರಿ.ಶ. 411ರ ನವೆಂಬರ್‌ನಲ್ಲಿ ಎಡೆಸ್ಸಾದ ಒಬ್ಬ ಲಿಪಿಕಾರ ಒಂದು ಹಸ್ತಪ್ರತಿ ಬರೆದು ಮುಗಿಸಿ ಕೊನೆಗೆ ತಾರೀಕು ಹಾಕಿದ: 723ನೆಯ ವರ್ಷ. ಆ ಹೊತ್ತಿಗೆ ಸೆಲ್ಯೂಕಸನ ವಂಶ ಗದ್ದುಗೆ ಕಳೆದುಕೊಂಡು ನಾನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಯೆಮನ್‌ನ ಯೆಹೂದ್ಯರು ಮಾತ್ರ ಇನ್ನೂ ಬಹಳ ಕಾಲ, ಹೆಚ್ಚುಕಡಿಮೆ ನಮ್ಮ ಕಾಲದವರೆಗೂ, ತಮ್ಮ ಪತ್ರಗಳಿಗೆ ಇದೇ ಲೆಕ್ಕದ ವರ್ಷ ಹಾಕುತ್ತಿದ್ದರು.